ಕಲ್ಲಿನ ತೂತಿನಲ್ಲಿ ಕಂಡ ಅಮೆರಿಕ

ಅನುಮಾನ ಎಂಬುದು ಕೆಲವರಿಗೆ ಹೆಂಡತಿಯ ಮೇಲೆ ಬರುತ್ತದೆ, ಕೆಲವರಿಗೆ ಗಂಡನ ಮೇಲೆ, ಇನ್ನು ಕೆಲವರಿಗೆ ಪಕ್ಕದ ಮನೆಯವರ ಮೇಲೆ. ನನಗೆ ಅಂಥ ಪಕ್ಷಪಾತ ಇಲ್ಲ. ನಾನು ಎಲ್ಲರನ್ನೂ ಎಲ್ಲವನ್ನೂ ಸಮಾನವಾಗಿ ಅನುಮಾನಿಸುತ್ತೇನೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಾವಿದ್ದ ಕಟ್ಟಡದ ಲಿಫ್ಟಿನಲ್ಲಿ ಎಂಟು ಜನ ಹತ್ತಬಹುದು ಎಂದು ಬರೆದಿತ್ತು. ನಾನು ಒಳಗಿರುವವರನ್ನು ಎಣಿಸಿ, ಅವರ ಹೊಟ್ಟೆಗಳನ್ನೂ ಅಂದಾಜು ಮಾಡಿ, ಐದನೆಯವನಾಗಿಯೂ ಹತ್ತದೆ ನಿಲ್ಲುತ್ತಿದ್ದೆ. ಒಂದು ಕೊಂಡರೆ ಒಂದು ಉಚಿತ ಎಂದು ಮಾರುವ ಎಣ್ಣೆ ಡಬ್ಬಿಯನ್ನು ತಲೆಕೆಳಗು ಮಾಡಿ ತಾರೀಕು ಹುಡುಕುತ್ತೇನೆ. ಊರಿಗೆ ಹೊರಡುವ ದಿನ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡುತ್ತೇನೆ. "ಆಫ್ ಆಗಿದ್ದನ್ನ ನೀವು ನೋಡಿ ಬಂದ್ರಿ. ನೀವು ಸರಿಯಾಗಿ ನೋಡಿದ್ರೋ ಇಲ್ವೋ ಅಂತ ಯಾರು ನೋಡೋದು?" ಎಂದು ನನ್ನ ಹೆಂಡತಿ ಸುಮನಾ ಕೇಳುತ್ತಾಳೆ. ಅವಳು ಕೇಳುವುದು ತಮಾಷೆಗೆ. ನನಗೆ ಅದು ನ್ಯಾಯವಾದ ಪ್ರಶ್ನೆ ಎನಿಸಿ ನಾಲ್ಕನೆಯ ಸಲ ಒಳಗೆ ಹೋಗುತ್ತೇನೆ.

ಇಂಥ ನಾನು ಒಂದು ಶನಿವಾರ ಬೆಳಿಗ್ಗೆ, ಸಿಡಿಯದೆ ಉಳಿದ ಸಿಡಿಮದ್ದಿನಿಂದ ಎರಡು ಅಡಿ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೈಯಲ್ಲಿ ಪುಸ್ತಕ ಪೆನ್ನು ಹಿಡಿದು, ಒಬ್ಬ ಬಟ್ಟೆ ವ್ಯಾಪಾರಿ ಅದನ್ನು ಉಕ್ಕಿನ ಕಡ್ಡಿಯಿಂದ ತಿವಿಯುವುದನ್ನು ನೋಡುತ್ತಿದ್ದೆ. ಆಗಿ ಕೆಲವು ವರ್ಷಗಳಾದವು. ಆ ಕಂಪನಿಯಲ್ಲಿ ಈಗ ನಾನಿಲ್ಲ, ಆದ್ದರಿಂದ ಬರೆಯಬಹುದು. ಆದರೆ ಇವತ್ತಿಗೂ ಇಡ್ಲಿ ಬೆಂದಿದೆಯೇ ಎಂದು ಸುಮನಾ ಚಮಚದ ಹಿಡಿಕೆ ಚುಚ್ಚುವ ಹೊತ್ತಿಗೆ ನಾನು ಅಡುಗೆಮನೆಯಿಂದ ಹಿಮ್ಮುಖವಾಗಿ ನಡೆದು ಹೊರಗೆ ಬರುತ್ತೇನೆ.

ಆ ಬಟ್ಟೆ ವ್ಯಾಪಾರಿ ಮೊಹಿದ್ದೀನ್ ಸಾಹೇಬರು. ಭಟ್ಕಳದವರು, ಅಬುಧಾಬಿಯ ಹೊರವಲಯದ ಬನಿಯಾಸ್‌ನಲ್ಲಿ ಅವರದು ಪರದೆ ಬಟ್ಟೆಯ ಅಂಗಡಿ. ಮನೆಗೆ ಪರದೆ ಕೊಳ್ಳಲು ಹೋದಾಗ ಪರಿಚಯವಾದದ್ದು. ನಾನು ಹೊನ್ನಾವರದ ನಾಯ್ಕ ಎಂದು ತಿಳಿದದ್ದೇ ತಡ, ಅಳತೆಯ ಮೇಲೆ ಒಂದು ಮೊಳ ಜಾಸ್ತಿ ಬಿಟ್ಟು ಕತ್ತರಿ ಹಾಕಿದರು, ಪಕ್ಕದ ಹೋಟೆಲಿನಿಂದ ಸುಲೈಮಾನಿ ಚಹಾ ತರಿಸಿದರು. ಪುಕ್ಕಟೆ ಮೊಳ, ಪುಕ್ಕಟೆ ಚಹಾ. ನನ್ನ ಅನುಮಾನ ಎದ್ದು ಕೂತಿತು. ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಂಡೆ. ಆಗಬೇಕಾಗಿದ್ದು ನಿಜ. ಅವರಿಗೆ ಬೇಕಾಗಿದ್ದದ್ದು ನನ್ನ ಎರಡು ಕಿವಿ.

"ಏನು ಓದಿದ್ದು ನಾಯ್ಕರೆ?"

"ಬಿ.ಎ. ಹಿಸ್ಟರಿ."

ಸಾಹೇಬರು ಕತ್ತರಿ ಕೆಳಗಿಟ್ಟರು. "ಹಿಸ್ಟರಿ? ಹಾಗಾದ್ರೆ ಹೇಳಿ. ನಾರ್ಸ್ ಜನ ಅಮೆರಿಕಕ್ಕೆ ಬಂದು ನಾಲ್ಕು ದಿನ ಇದ್ದು ವಾಪಸ್ ಹೋದ್ರು ಅಂತ ನಿಮ್ಮ ಕಾಲೇಜಲ್ಲೂ ಹೇಳಿದ್ರಾ?"

ನಮ್ಮ ಕಾಲೇಜಿನಲ್ಲಿ ಅವರು ಬಂದದ್ದನ್ನೇ ಹೇಳಿರಲಿಲ್ಲ. ಪಾಠ ಕೊಲಂಬಸನ ತನಕ ತಲುಪುವಷ್ಟರಲ್ಲಿ ಪರೀಕ್ಷೆ ಬಂದಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ, "ಓ, ವೈಕಿಂಗರು" ಎಂದೆ.

"ವೈಕಿಂಗ್ ಅನ್ಬೇಡಿ ಮಾರಾಯ್ರೆ. ಅದು ಕೆಲಸದ ಹೆಸರು. ಡ್ರೈವರ್ ಅಂದ ಹಾಗೆ. ಜನ ನಾರ್ಸ್."

ಅವರು ಹೇಳಿದ್ದರಲ್ಲಿ ಮೊದಲರ್ಧ ಎಲ್ಲರೂ ಒಪ್ಪುವ ಮಾತೇ. ಯುರೋಪಿನ ಉತ್ತರದ ತುದಿಯ ಈ ನಾವಿಕರು ಸುಮಾರು ಸಾವಿರ ವರ್ಷದ ಹಿಂದೆ, ಅಂದರೆ ಕೊಲಂಬಸನಿಗಿಂತ ಬಹಳ ಮೊದಲೇ, ಸಮುದ್ರ ದಾಟಿ ಅಮೆರಿಕದ ಈಶಾನ್ಯ ಮೂಲೆ ಮುಟ್ಟಿದ್ದರು. ಅಲ್ಲೊಂದು ದ್ವೀಪದಲ್ಲಿ ಅವರ ಮನೆಗಳ ಬುನಾದಿ ಸಿಕ್ಕಿದೆ. ಸ್ವಲ್ಪ ಕಾಲ ಇದ್ದು, ಗಂಟುಮೂಟೆ ಕಟ್ಟಿಕೊಂಡು ಹೋದರು ಎಂದು ವಿದ್ವಾಂಸರು ಹೇಳುತ್ತಾರೆ. ಸಾಹೇಬರ ತಕರಾರು ಈ ಹೋದದ್ದರ ಮೇಲೆ. ಹೋಗಲೇ ಇಲ್ಲ ಎಂದು ಅವರ ಸಿದ್ಧಾಂತ. ಹೊಳೆ ಹಿಡಿದು, ಸರೋವರ ದಾಟಿ ಅಮೆರಿಕದ ನಟ್ಟನಡುವಿನ ತನಕ ಹೋಗಿ ಅಲ್ಲೇ ನೆಲೆ ನಿಂತರಂತೆ. ಇದಕ್ಕೆ ಅವರ ಬಳಿ ಎರಡು ಸಾಕ್ಷಿ ಇತ್ತು. ಒಂದು, ನಾವೇ.

"ನೀವು ಇಲ್ಲಿಗೆ ಎಷ್ಟು ವರ್ಷಕ್ಕೆ ಅಂತ ಬಂದ್ರಿ?"

"ಎರಡು."

"ಎಷ್ಟಾಯ್ತು?"

"ಹನ್ನೊಂದು."

"ನಾನೂ ಎರಡಕ್ಕೇ ಬಂದದ್ದು. ಇಪ್ಪತ್ತೊಂಬತ್ತಾಯ್ತು. ಎರಡು ವರ್ಷಕ್ಕೆ ಅಂತ ಬಂದವ್ರು ಎರಡು ವರ್ಷಕ್ಕೆ ವಾಪಸ್ ಹೋದದ್ದು ನೀವು ಎಲ್ಲಾದ್ರೂ ನೋಡಿದ್ದೀರಾ? ಮತ್ತೆ ಆ ನಾರ್ಸ್ ಜನ ಮಾತ್ರ ಹ್ಯಾಗೆ ಹೋಗ್ತಾರೆ? ಮೊದಲು ಗಂಡಸರು ಬರ್ತಾರೆ, ಒಂದೇ ರೂಮಲ್ಲಿ ಎಂಟು ಜನ ಮಲಗ್ತಾರೆ, ಆಮೇಲೆ ಫ್ಯಾಮಿಲಿ ಕರೆಸ್ತಾರೆ. ಹಡಗಲ್ಲಿ ಬಂದವರ ವಿಷಯ ಹಡಗಲ್ಲಿ ಬಂದವರಿಗೇ ಗೊತ್ತು."

ಸಾಹೇಬರ ಮನೆಮಾತು ನವಾಯತಿ. ಹಿರಿಯರು ಯಾವುದೋ ಕಾಲದಲ್ಲಿ ಅರಬ್ ಕಡೆಯಿಂದ ಹಡಗು ಹತ್ತಿ ಭಟ್ಕಳಕ್ಕೆ ಬಂದು ನಿಂತವರು ಎಂದು ಅವರ ಮನೆಯಲ್ಲಿ ಹೇಳುತ್ತಾರೆ. ಹಾಗಾಗಿ ನಾರ್ಸ್ ಜನರ ಬಗ್ಗೆ ಅವರು ಸ್ವಂತ ನೆಂಟರ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು.

ಎರಡನೆಯ ಸಾಕ್ಷಿ ತೂತುಗಳು. ಅಮೆರಿಕದ ನಡುಭಾಗದಲ್ಲಿ ಸರೋವರಗಳ ಆಸುಪಾಸು, ಹೊಲಗಳಲ್ಲಿ, ಹೆಬ್ಬೆರಳು ಹೋಗುವಷ್ಟು ಅಗಲದ, ಗೇಣುದ್ದ ಆಳದ, ಸ್ವಲ್ಪ ಮೂರು ಮೂಲೆಯ ಆಕಾರದ ತೂತು ಇರುವ ಬಂಡೆಗಳಿವೆಯಂತೆ. ಆ ಕಾಲದಲ್ಲಿ ನೀರು ಅಲ್ಲಿಯವರೆಗೆ ಇತ್ತು, ನಾರ್ಸ್ ಜನ ಈ ತೂತಿಗೆ ಕಬ್ಬಿಣದ ಗೂಟ ಹಾಕಿ ದೋಣಿ ಕಟ್ಟುತ್ತಿದ್ದರು ಎಂದು ಸಾಹೇಬರ ವಿವರಣೆ. ಕ್ಯಾಷ್ ಕೌಂಟರಿನ ಹಿಂದೆ ಅಮೆರಿಕದ ದೊಡ್ಡ ನಕಾಶೆ; ಪರದೆಗೆ ಚುಚ್ಚುವ ಗುಂಡುಪಿನ್ನುಗಳನ್ನು ಅದರ ಮೇಲೆ ಚುಚ್ಚಿದ್ದರು. ಪಿನ್ನಿಗೊಂದು ತೂತು. ಹದಿನೈದು ವರ್ಷದ ಕೆಲಸ ಅದು. ಅಮೆರಿಕಕ್ಕೆ ಅವರು ಹೋದವರಲ್ಲ; ಅಂತರ್ಜಾಲದಲ್ಲಿ ಬಂದ ಫೋಟೋ, ಯಾರ್‍ಯಾರಿಗೋ ಬರೆದ ಇ-ಮೇಲು, ಅಷ್ಟೇ. ಈಗ ನಮ್ಮ ಕನ್ನಡ ಸಂಘದವರು ತಿಂಗಳ ಕೂಟದಲ್ಲಿ ಅವರಿಗೆ ಒಂದು ಸಂಜೆ ಕೊಟ್ಟಿದ್ದರು. ಹದಿನೈದು ವರ್ಷದಲ್ಲಿ ಯಾರಾದರೂ ಅವರನ್ನು ಕೂರಿಸಿಕೊಂಡು ಕೇಳಲು ಒಪ್ಪಿದ್ದು ಅದೇ ಮೊದಲು.

ಅಲ್ಲಿಗೆ ನಾನು ಚಹಾ ಕುಡಿದು, ಪರದೆ ತೆಗೆದುಕೊಂಡು ಬರಬಹುದಾಗಿತ್ತು. ಅನುಮಾನ ಬಿಡಬೇಕಲ್ಲ. ಫೋಟೋ ನೋಡಿ, "ಸಾಹೇಬ್ರೆ, ನಮ್ಮ ಕಂಪನಿಯ ಯಾರ್ಡಿನ ಕಲ್ಲುಗಳಲ್ಲೂ ಇಂಥ ತೂತು ಇವೆ. ಗಣಿಯಲ್ಲಿ ಮದ್ದು ತುಂಬಿ ಸಿಡಿಸೋದಕ್ಕೆ ಕೊರೆದದ್ದು" ಎಂದುಬಿಟ್ಟೆ.

ಸಾಹೇಬರ ಮುಖ ಕಂದಿದ್ದನ್ನು ನೋಡಿ ನನಗೆ ಒಳಗೊಳಗೆ ಖುಷಿಯಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಅವರು ಸಿಟ್ಟಾಗಲಿಲ್ಲ. "ನಾಳೆ ಸಭೆಯಲ್ಲೂ ಯಾರಾದ್ರೂ ಹೀಗೇ ಕೇಳ್ತಾರೆ. ನಾನು ಆ ತೂತು ಅಳೆದು ನೋಡ್ಬೇಕು. ಅದು ಬೇರೆ, ಇದು ಬೇರೆ ಅಂತ ತೋರಿಸ್ಬೇಕು. ನನ್ನನ್ನ ಒಳಗೆ ಕರ್ಕೊಂಡು ಹೋಗಿ" ಎಂದರು.

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ಸಮುದ್ರಕ್ಕೆ ಅಡ್ಡವಾಗಿ ಕಲ್ಲಿನ ತಡೆಗೋಡೆ ಕಟ್ಟುವ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಬಂದ ಕಾಗದಕ್ಕೆ ನಂಬರು ಕೊಡುವುದು, ಸೀಲು ಹೊಡೆಯುವುದು, ಯಾರಿಗೆ ಯಾವ ಪ್ರತಿ ಎಂದು ಹಂಚುವುದು. ನಾನು ನಂಬರು ಕೊಡುವ ತನಕ ಆ ಕಂಪನಿಯಲ್ಲಿ ಯಾವ ಘಟನೆಯೂ ನಡೆದ ಹಾಗಲ್ಲ. ಕಲ್ಲುಗಳನ್ನು ಒಟ್ಟುವ ಯಾರ್ಡಿಗೆ ಹೊರಗಿನವರನ್ನು ಬಿಡುವಂತಿಲ್ಲ. ಸುಳ್ಳು ಹೇಳಿ ಬಿಟ್ಟದ್ದು ಗೊತ್ತಾದರೆ ಕೆಲಸ ಹೋಗುತ್ತದೆ. ಕೆಲಸದ ಹಿಂದೆ ವೀಸಾ, ವೀಸಾದ ಹಿಂದೆ ಫ್ಲಾಟು, ಫ್ಲಾಟಿನ ಹಿಂದೆ ಮಗಳ ಶಾಲೆ, ಹೀಗೆ ಸಾಲಾಗಿ ಹೋಗುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ಒಪ್ಪಿದೆ. ಸಾಹೇಬರ ಸಿದ್ಧಾಂತ ನನ್ನ ಕಣ್ಣೆದುರಿಗೇ ಬೀಳುವುದನ್ನು ನೋಡಬೇಕು ಎಂಬ ಕೆಟ್ಟ ಆಸೆ. ಅದಕ್ಕೆ ಇತಿಹಾಸದ ಪದವಿಯ ಮುಸುಕು ಹಾಕಿಕೊಂಡೆ.

ಶನಿವಾರ ಯಾರ್ಡಿನಲ್ಲಿ ಜನ ಕಡಿಮೆ. ಗೇಟಿನ ರಿಜಿಸ್ಟರಿನಲ್ಲಿ ಸಾಹೇಬರ ಹೆಸರಿನ ಮುಂದೆ 'ಕಲ್ಲು ಸಪ್ಲೈ ಕಂಪನಿಯ ಪ್ರತಿನಿಧಿ' ಎಂದು ನಾನೇ ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದೆ. ಹೆಲ್ಮೆಟ್ ಅವರ ಕಣ್ಣಿನವರೆಗೆ ಇಳಿಯುತ್ತಿತ್ತು. ಹಳದಿ ಜಾಕೆಟ್ಟಿನೊಳಗಿನಿಂದ ಅವರು ಅಂಗಡಿಯಲ್ಲಿ ಬಟ್ಟೆ ಅಳೆಯುವ ಉಕ್ಕಿನ ಮೀಟರ್ ಕಡ್ಡಿ ಹೊರತೆಗೆದರು. "ಇಪ್ಪತ್ತೊಂಬತ್ತು ವರ್ಷದಿಂದ ಒಂದು ನೂಲು ತಪ್ಪಿಲ್ಲ" ಎಂದರು. ಅವರು ಕಡ್ಡಿ ಇಳಿಸಿ ಹೇಳುವುದು, ನಾನು ಬರೆದುಕೊಳ್ಳುವುದು. ಮೊದಲ ಕಲ್ಲು, ಎರಡನೆಯ ಕಲ್ಲು, ಎಲ್ಲ ಗುಂಡನೆಯ ತೂತುಗಳು. ಸಾಹೇಬರ ಉತ್ಸಾಹ ಏರಿತು. "ನೋಡಿ, ಇದು ಗುಂಡು, ನಮ್ಮದು ಮೂರು ಮೂಲೆ. ಇದು ಬೇರೆ, ಅದು ಬೇರೆ." ನನಗೆ ನಿರಾಶೆಯಾಗತೊಡಗಿತು. ಐದನೆಯ ಕಲ್ಲಿನ ತೂತಿನ ಬಾಯಿ ಮಣ್ಣಿನಿಂದ ಮುಚ್ಚಿತ್ತು. ಸಾಹೇಬರು ಬೆರಳಿನಿಂದ ಮಣ್ಣು ಕೆದರಿ, ಕಡ್ಡಿ ಇಳಿಸಿ, ತಲೆ ಎತ್ತಿದರು.

"ನಾಯ್ಕರೆ, ಇದರ ತಳ ಮೆತ್ತಗಿದೆ."

"ಕಲ್ಲಿನ ತಳ ಮೆತ್ತಗಿರ್ತದಾ ಸಾಹೇಬ್ರೆ?" ಎಂದೆ. ಇದು ನಾನು ಜೀವನದಲ್ಲಿ ಕೇಳಿದ ಅತಿ ಬುದ್ಧಿವಂತ ಪ್ರಶ್ನೆ. ಕೇಳಿದವನು ಉತ್ತರಕ್ಕೆ ಕಾಯದೆ ಓಡಬೇಕಿತ್ತು. ನಾನು ಇನ್ನೂ ಹತ್ತಿರ ಬಗ್ಗಿದೆ. ಸಾಹೇಬರು ಮತ್ತೊಮ್ಮೆ ತಿವಿದರು. ಕಡ್ಡಿಯ ಜೊತೆಗೆ ಒಂದು ಹಳದಿ ಪ್ಲಾಸ್ಟಿಕ್ ಎಳೆ ಮೇಲೆ ಬಂತು. "ದಾರ" ಎಂದರು ಬಟ್ಟೆ ವ್ಯಾಪಾರಿ. ನಾನು ಪುಸ್ತಕದಲ್ಲಿ 'ದಾರ, ಹಳದಿ' ಎಂದು ಬರೆದುಕೊಂಡೆ.

"ಬಾಬೂಜಿ," ಎಂದು ಹಿಂದಿನಿಂದ ಧ್ವನಿ ಬಂತು. ಪೇಶಾವರ ಕಡೆಯ ಗುಲ್ ಜಮಾನ್, ಯಾರ್ಡಿನ ಫೋರ್‌ಮನ್. ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಗಣಿಗಳಲ್ಲಿ ಮದ್ದು ತುಂಬುತ್ತಿದ್ದವನು. ಕೈಯಲ್ಲಿ ಚಹಾ ಲೋಟ. ಅವನ ಸಾಮಾನ್ಯ ಮಾತೇ ಕ್ರೇನಿನ ಸದ್ದಿನ ಮೇಲೆ ಕೇಳಿಸುವಂಥದು. ಆವತ್ತು ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಂತೆ ಮಾತಾಡಿದ. "ಕಡ್ಡಿ ಎಳೀಬೇಡಿ, ಒತ್ತಬೇಡಿ. ಕೈ ಬಿಡಿ. ಆಹಿಸ್ತಾ, ಮೆಲ್ಲಗೆ. ಎದ್ದು, ನನ್ನ ಕಡೆ ನಡ್ಕೊಂಡು ಬನ್ನಿ" ಎಂದ ಹಿಂದಿಯಲ್ಲಿ. ಸಾಹೇಬರು ಇಪ್ಪತ್ತೊಂಬತ್ತು ವರ್ಷದ ಕಡ್ಡಿಯನ್ನು ಅಲ್ಲೇ ನಿಲ್ಲಿಸಿ ಬಂದರು. ನಾನು ಬರುವಾಗ ಪೆನ್ನಿನ ಮುಚ್ಚಳ ಹಾಕಿದೆ. ಯಾಕೆ ಹಾಕಿದೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಸತ್ತ ಮೇಲೂ ಶಾಯಿ ಒಣಗದಿರಲಿ ಎಂದಿರಬೇಕು.

ಆಮೇಲೆ ಯಾರ್ಡ್ ಖಾಲಿ ಮಾಡಿಸಿದರು. ಎರಡು ತಾಸಿನ ನಂತರ ಸಂಬಂಧಪಟ್ಟವರು ಬಂದು, ತೂತಿನಿಂದ ಮದ್ದನ್ನೂ, ಅದಕ್ಕೆ ಕಿಡಿ ಮುಟ್ಟಿಸುವ ಆ ಹಳದಿ ದಾರವನ್ನೂ ತೆಗೆದು ಒಯ್ದರು. ಗಣಿಯಲ್ಲಿ ಸಿಡಿಯದೆ ಕಲ್ಲಿನೊಳಗೇ ಉಳಿದು, ಲಾರಿ ಹತ್ತಿ ಬಂದದ್ದು. ಅದಕ್ಕೆ ಇನ್ನೂ ಜೀವ ಇತ್ತೋ, ಸತ್ತಿತ್ತೋ, ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲವನ್ನೂ ಕೇಳುವವನು ಅದೊಂದನ್ನು ಕೇಳಲಿಲ್ಲ. ಆದ್ದರಿಂದಲೇ ಲಿಫ್ಟಿನಲ್ಲಿ, ಸ್ನಾನದಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ಆ ಕಡ್ಡಿ ಕಣ್ಣೆದುರು ಮತ್ತೆ ಮತ್ತೆ ಇಳಿಯುತ್ತದೆ. ಒಂದೊಂದು ಸಲ ಗುಲ್ ಜಮಾನನ ಚಹಾ ಸ್ವಲ್ಪ ಬಿಸಿಯಿದ್ದು ಅವನು ಅರ್ಧ ನಿಮಿಷ ತಡವಾಗಿ ಬರುತ್ತಾನೆ.

ಆ ಎರಡು ತಾಸು ನಾವು ಮೂವರೂ ಗೇಟಿನ ಹೊರಗೆ, ನಿಂತ ಬಸ್ಸಿನ ನೆರಳಿನಲ್ಲಿ ಕೂತಿದ್ದೆವು. ನಾನು ನನ್ನ ಕೆಲಸದ ಬಗ್ಗೆ ಯೋಚಿಸುತ್ತಿದ್ದೆ. ಗುಲ್ ಜಮಾನ್ ತನ್ನ ಕೆಲಸದ ಬಗ್ಗೆ ಯೋಚಿಸುತ್ತಿದ್ದ. ಬಂದ ಪ್ರತಿ ಕಲ್ಲನ್ನೂ ಪರೀಕ್ಷಿಸಿ ಇಳಿಸಬೇಕಾದವನು ಅವನೇ. ಸಾಹೇಬರು ಮಾತ್ರ ಮೊಬೈಲ್ ತೆಗೆದು ಅವನಿಗೆ ಅಮೆರಿಕದ ತೂತು ತೋರಿಸಿದರು. "ಖಾನ್ ಸಾಹೇಬ್, ಇದು ಏನು?"

ಗುಲ್ ಜಮಾನ್ ಒಮ್ಮೆ ನೋಡಿದ. "ಕೈಯಲ್ಲಿ ಕೊರೆದದ್ದು. ನನ್ನ ದಾದಾ, ಅಪ್ಪನ ಅಪ್ಪ, ಹೀಗೇ ಕೊರೀತಿದ್ದ. ಒಬ್ಬ ಉಳಿ ಹಿಡೀತಾನೆ, ಒಬ್ಬ ಸುತ್ತಿಗೆ ಹೊಡೀತಾನೆ. ಹೊಡೆತಕ್ಕೊಂದು ಸಲ ಉಳಿ ತಿರುಗಿಸ್ಬೇಕು."

"ಮೂರು ಮೂಲೆ ಯಾಕೆ?"

"ಚಪ್ಪಟೆ ಬಾಯಿಯ ಉಳಿ, ಸೇಠ್. ಕೈಯಲ್ಲಿ ತಿರುಗಿಸಿದ್ರೆ ಗುಂಡು ಎಲ್ಲಿ ಬರುತ್ತೆ? ಮೂರು ಮೂಲೆಯೇ ಆಗೋದು."

"ಮತ್ತೆ ಮದ್ದು ಹಾಕಿ ಸಿಡಿಸದೆ ಯಾಕೆ ಬಿಟ್ರು?"

"ಯಾಕೆ ಬಿಟ್ರು? ಮಳೆ ಬಂತೋ, ಮದ್ದು ಮುಗೀತೋ, ಹೊಲ ಮಾರಿದ್ರೋ. ಅರ್ಧ ಕೆಲಸ ಬಿಟ್ಟು ಹೋಗೋರು ಎಲ್ಲ ದೇಶದಲ್ಲೂ ಇರ್ತಾರೆ."

ಸಾಹೇಬರು ಎರಡು ಕೈ ಮುಂದೆ ಚಾಚಿ, ಇಲ್ಲದ ಉಳಿಯನ್ನು ಹಿಡಿದು, ಹೊಡೆತಕ್ಕೊಮ್ಮೆ ತಿರುಗಿಸುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಮೊಬೈಲ್ ಜೇಬಿಗೆ ಹಾಕಿಕೊಂಡು, "ಹೌದು, ಮೂರು ಮೂಲೆಯೇ ಬರ್ತದೆ" ಎಂದರು. ನಾನು ನೋಡಬೇಕೆಂದಿದ್ದದ್ದು ಇದನ್ನೇ. ನೋಡಿ ನನಗೆ ಏನೂ ಸುಖವಾಗಲಿಲ್ಲ. ಮುಂದಿನ ವಾರ ಅಂಗಡಿಗೆ ಹೋದಾಗ ಅವರು ನಕಾಶೆಯಿಂದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು. "ಪಿನ್ನು ಒಳ್ಳೆಯದೇ ನಾಯ್ಕರೆ, ಪರದೆಗೆ ಆಗ್ತದೆ" ಎಂದರು.

ನನ್ನ ಕಥೆ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಏನೂ ಆಗದೆ, ಆದರೆ ಆಗಬಹುದಾಗಿದ್ದ ಸಂಗತಿಗೆ ನಮ್ಮ ಕಂಪನಿಯಲ್ಲಿ ಒಂದು ವರದಿ ಬರೆಯಬೇಕು. ಅದನ್ನು ಫೋರ್‌ಮನ್ ಬರೆಯುತ್ತಾನೆ, ನಂಬರು ಬೀಳಲು ಅದು ಬರುವುದು ನನ್ನ ಮೇಜಿಗೆ. ಭಾನುವಾರ ಬೆಳಿಗ್ಗೆ ಬಂತು. ಗುಲ್ ಜಮಾನ್ ಬರೆಸಿದ್ದು ಹೀಗೆ: ಸಪ್ಲೈ ಕಂಪನಿಯ ಪ್ರತಿನಿಧಿಯ ಜೊತೆ ಕಲ್ಲುಗಳ ತಪಾಸಣೆ ನಡೆಸುವಾಗ, ಡಾಕ್ಯುಮೆಂಟ್ ಕಂಟ್ರೋಲರ್ ನಾಯ್ಕ ಅವರಿಗೆ ಒಂದು ತೂತಿನ ಮೇಲೆ ಅನುಮಾನ ಬಂದು, ತಕ್ಷಣ ಫೋರ್‌ಮನ್‌ಗೆ ತಿಳಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ನಾನು ಗೇಟಿನಲ್ಲಿ ಬರೆದ ಸುಳ್ಳಿಗೆ ಅವನು ಇನ್ನೊಂದು ಅಂತಸ್ತು ಕಟ್ಟಿದ್ದ. ನಿಜ ಬರೆದರೆ ಅವನದೂ ಹೋಗುತ್ತಿತ್ತು, ನನ್ನದೂ ಹೋಗುತ್ತಿತ್ತು. ನಾನು ಎರಡು ಸಲ ಓದಿದೆ. ಒಂದು ಕಡೆ ಅಲ್ಪವಿರಾಮ ತಪ್ಪಿತ್ತು, ಸರಿಪಡಿಸಿದೆ. ನಂಬರು ಕೊಟ್ಟು, ಸೀಲು ಹೊಡೆದು, ಏಳು ಪ್ರತಿ ಹಂಚಿದೆ.

ತಿಂಗಳ ಕೊನೆಗೆ ನನಗೆ ಸುರಕ್ಷತಾ ಬಹುಮಾನ ಬಂತು. ಒಂದು ಸರ್ಟಿಫಿಕೇಟು, ಒಂದು ಇಸ್ತ್ರಿ ಪೆಟ್ಟಿಗೆ. ಮನೆಯಲ್ಲಿ ಸುಮನಾ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಅವಳಿಗೆ ನಡೆದದ್ದೆಲ್ಲ ಗೊತ್ತಿತ್ತು. "ಅಲ್ರೀ, ಸಾಯೋದಕ್ಕೆ ಹೋಗಿದ್ದಕ್ಕೆ ಇಸ್ತ್ರಿ ಪೆಟ್ಟಿಗೆ ಕೊಟ್ರು. ಸತ್ತೇ ಹೋಗಿದ್ರೆ ವಾಷಿಂಗ್ ಮೆಷಿನ್ ಕೊಡ್ತಿದ್ರೇನೋ" ಎಂದಳು. ಸರ್ಟಿಫಿಕೇಟನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಕಂಪನಿಯ ನೋಟಿಸ್ ಬೋರ್ಡಿನಲ್ಲಿ ಫೋಟೋ ಹಾಕಿದರು. ಅದನ್ನು ನಮ್ಮ ಸಂಘದ ಯಾರೋ ನೋಡಿದರು.

ಸಾಹೇಬರ ಉಪನ್ಯಾಸ ಒಂದು ಶುಕ್ರವಾರ ಸಂಜೆ. 'ಅಮೆರಿಕದಲ್ಲಿ ನಾರ್ಸ್ ಜನ: ಹೊಸ ಸಾಕ್ಷ್ಯಗಳು' ಎಂದು ಬ್ಯಾನರ್ ಮೊದಲೇ ಛಾಪಿಸಿಯಾಗಿತ್ತು. ಸಾಹೇಬರು ಅದರ ಕೆಳಗೆ ನಿಂತು ಹತ್ತು ನಿಮಿಷ ಮಾತಾಡಿದರು. ಕೈಯುಳಿಯಲ್ಲಿ ತೂತು ಹೇಗೆ ಕೊರೆಯುತ್ತಾರೆ ಎಂದು ಅಭಿನಯಿಸಿ ತೋರಿಸಿದರು. "ಹದಿನೈದು ವರ್ಷ ನಾನು ತಪ್ಪು ಹೇಳ್ತಾ ಇದ್ದೆ. ಅದು ಬಂಡೆ ಸಿಡಿಸಿ ಹೊಲ ಸಾಫ್ ಮಾಡ್ತಿದ್ದ ರೈತರ ತೂತು. ನಾರ್ಸ್ ಜನ ಬಂದ್ರು, ಸ್ವಲ್ಪ ದಿನ ಇದ್ರು, ಹೋದ್ರು. ಎರಡು ವರ್ಷಕ್ಕೆ ಬಂದು ನಿಜವಾಗಿ ವಾಪಸ್ ಹೋದವ್ರು ಲೋಕದಲ್ಲಿ ಅವರೊಬ್ಬರೇ ಇರ್ಬೇಕು" ಎಂದರು. ಜನ ನಕ್ಕರು. ಆದರೆ ಹೊಸ ಸಾಕ್ಷ್ಯ ಕೇಳಲು ಬಂದವರಿಗೆ ಹಳೆಯ ತಪ್ಪು ಸಿಕ್ಕಿದ್ದರಿಂದ ಚಪ್ಪಾಳೆ ತೆಳ್ಳಗೆ ಬಿತ್ತು. ಕೆಲವರು ಆಗಲೇ ಊಟದ ಕಡೆ ಕತ್ತು ತಿರುಗಿಸಿದ್ದರು.

ಆಗ ಕಾರ್ಯದರ್ಶಿಗಳು ಮೈಕ್ ಹಿಡಿದು, ಇವತ್ತು ಇನ್ನೊಂದು ಸಂತೋಷದ ಸಂಗತಿ ಇದೆ ಎಂದರು. ತಮ್ಮ ಸಮಯಪ್ರಜ್ಞೆಯಿಂದ ಹತ್ತಾರು ಜೀವ ಉಳಿಸಿದ ನಮ್ಮ ನಾಯ್ಕರಿಗೆ ಸಂಘದ ವತಿಯಿಂದ ಸನ್ಮಾನ, ಶಾಲು ಹೊದಿಸಲು ಮೊಹಿದ್ದೀನ್ ಸಾಹೇಬರನ್ನೇ ಕೋರುತ್ತೇವೆ ಎಂದರು. ಸಂಘದ ಶಾಲುಗಳು ಅವರ ಅಂಗಡಿಯವೇ. ಈ ಸಲ ಬಿದ್ದ ಜೋರಾದ ಚಪ್ಪಾಳೆಯ ಮಧ್ಯೆ ನಾನು ವೇದಿಕೆ ಹತ್ತಿದೆ. ಸಾಹೇಬರು ಶಾಲಿನ ಮಡಿಕೆ ಬಿಚ್ಚಿ, ನನ್ನ ಹೆಗಲ ಮೇಲೆ ಎರಡೂ ಅಂಚು ಸಮ ಬರುವಂತೆ ಕೂರಿಸಿ, ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು: "ನಾಯ್ಕರೆ, ನನ್ನ ತಪ್ಪು ಇವತ್ತಿಗೆ ಖಲಾಸ್ ಆಯ್ತು. ನಿಮ್ಮದು ಯಾವಾಗ?"

ನಾನು ಅವರ ಮುಖ ನೋಡುವಷ್ಟರಲ್ಲಿ ಕಾರ್ಯದರ್ಶಿಗಳು ನನ್ನ ಕೈಗೆ ಮೈಕ್ ಕೊಟ್ಟಿದ್ದರು. ಮೂರನೆಯ ಸಾಲಿನಲ್ಲಿ ಸುಮನಾ ಕೂತಿದ್ದಳು, ಏನು ಹೇಳುತ್ತೀರೋ ನೋಡೋಣ ಎಂಬಂತೆ. ನಾನು ಎಲ್ಲರಿಗೂ ನಮಸ್ಕಾರ ಹೇಳಿ, ಗಂಟಲು ಸರಿಮಾಡಿಕೊಂಡು, ದಿನನಿತ್ಯದ ಜೀವನದಲ್ಲಿ ನಾವು ಎಷ್ಟು ಎಚ್ಚರದಿಂ​ದಿರಬೇಕು ಎಂಬ ವಿಷಯದ ಮೇಲೆ ಮಾತಾಡಿದೆ. ಸಾಹೇಬರಿಗಿಂತ ಎರಡು ನಿಮಿಷ ಜಾಸ್ತಿಯೇ ಮಾತಾಡಿದೆನಂತೆ. ಚಪ್ಪಾಳೆ ಚೆನ್ನಾಗಿ ಬಿತ್ತು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದವರು ಮೊಹಿದ್ದೀನ್ ಸಾಹೇಬರು. ಅವರು ತಟ್ಟಿದ ರೀತಿಯ ಮೇಲೆ ಮಾತ್ರ ನನಗೆ ಇವತ್ತಿಗೂ ಅನುಮಾನವಿದೆ.